ತಾಮ್ರದಿಂದ ಅಲ್ಯೂಮಿನಿಯಂಗೆ: ಗೋಡೆಗೆ ಬಂದ ಶ್ರೀರಂಗಪಟ್ಟಣದ ಯುದ್ಧ

ಪಾರ್ಸೆಲ್ ಬಿಚ್ಚಿ, ಗುಳ್ಳೆ ಪ್ಲಾಸ್ಟಿಕ್ ಸುಲಿದು, ತಗಡನ್ನು ಸೋಫಾಕ್ಕೆ ಒರಗಿಸಿ ನಿಲ್ಲಿಸಿದೆ. ಮೂರಡಿ ಅಗಲ, ಎರಡಡಿ ಎತ್ತರ, ಹೆಚ್ಚುಕಡಿಮೆ ಒಂದು ಮಿಲಿಮೀಟರ್ ದಪ್ಪದ ಅಲ್ಯೂಮಿನಿಯಂ. ಅದರ ಮೇಲೆ ಕೋಟೆಯ ಬಾಗಿಲು, ಹೊಗೆ, ಕೆಂಪು ಕೋಟಿನ ಸಿಪಾಯಿಗಳು, ಅವರ ನಡುವೆ ಟಿಪ್ಪು ಸುಲ್ತಾನ್. ಹೆನ್ರಿ ಸಿಂಗಲ್ಟನ್ ಎಂಬ ಇಂಗ್ಲಿಷ್ ಕಲಾವಿದ 1800ರ ಸುಮಾರಿಗೆ ಬರೆದ ಚಿತ್ರದ ಮೆಟಲ್ ಪ್ರಿಂಟ್, ಅಂದರೆ ಲೋಹದ ಮೇಲಿನ ಮುದ್ರಣ ಅದು. ಟಿಪ್ಪುವಿನ ಕೊನೆಯ ಹೋರಾಟ ಮತ್ತು ಪತನ ಅದರ ವಿಷಯ.

ನೋಡೋಕೆ ಭರ್ಜರಿಯಾಗಿತ್ತು. ಕಿಟಕಿಯ ಬೆಳಕು ಬಿದ್ದಾಗ ಕೆಂಪು ಕೋಟುಗಳು ಹೊತ್ತಿಕೊಂಡ ಹಾಗೆ ಕಂಡವು. ಆಮೇಲೆ ಚಿತ್ರದ ಬುಡಕ್ಕೆ ಕಣ್ಣು ಹೋಯಿತು. ಅಲ್ಲಿ ಏನೂ ಇರಲಿಲ್ಲ. ಸಿಪಾಯಿಯ ಬೂಟಿನ ಹತ್ತಿರಕ್ಕೆ ಚಿತ್ರವನ್ನು ಕತ್ತರಿಸಿ ನಿಲ್ಲಿಸಿದ್ದರು. ಹಳೆಯ ಮುದ್ರಣಗಳಲ್ಲಿ ಅಲ್ಲಿ ಸಣ್ಣ ಅಕ್ಷರದ ಒಂದೆರಡು ಸಾಲು ಇರುತ್ತದೆ. ಮಾರಿದವರು ಕಳಿಸಿದ ಚೀಟಿಯಲ್ಲಿ 'ಮೈಸೂರು ಯುದ್ಧ, ಹಳೆಯ ಚಿತ್ರ' ಅಂತ ಮಾತ್ರ ಇತ್ತು. ಯಾವ ಯುದ್ಧ? ನಾಲ್ಕು ನಡೆದಿವೆಯಲ್ಲ!

ಬುಡದ ಆ ಸಾಲು ಹೋದರೆ ಏನಂತೆ, ಚಿತ್ರ ಇದೆಯಲ್ಲ ಅನ್ನಬಹುದು. ಆದರೆ ಚಿತ್ರವನ್ನು ಯಾರು ಬರೆದರು, ಯಾರು ಕೆತ್ತಿದರು, ಯಾರು ಮಾರಿದರು, ಯಾವಾಗ ಅನ್ನುವ ಜಾತಕವೆಲ್ಲ ಇರುವುದು ಅಲ್ಲೇ. ಅದಿಲ್ಲದಿದ್ದರೆ ಯುದ್ಧವನ್ನು ಕಣ್ಣಾರೆ ಕಂಡವನು ಬರೆದದ್ದೂ, ಲಂಡನ್ನಿನ ಕೋಣೆಯಲ್ಲಿ ಕೂತು ಊಹಿಸಿ ಬರೆದದ್ದೂ ಗೋಡೆಯ ಮೇಲೆ ಒಂದೇ ಥರ ಹೊಳೆಯುತ್ತವೆ.

ಆ ಸಾಲನ್ನು ಓದುವುದು ಹೇಗೆ

ಬ್ರಿಟನ್ನಿನಲ್ಲಿ 1735ರಲ್ಲಿ ಒಂದು ಕಾಯ್ದೆ ಬಂತು. ವಿಲಿಯಂ ಹೋಗಾರ್ತ್ ಎಂಬ ಚಿತ್ರಕಾರ ಮತ್ತು ಅವನ ಜತೆಗಾರರು ಹಟ ಹಿಡಿದು ಮಾಡಿಸಿದ್ದು. ಅವರ ಕೆತ್ತನೆಗಳನ್ನು ಕಂಡಕಂಡವರೆಲ್ಲ ನಕಲು ಮಾಡಿ ಮಾರುತ್ತಿದ್ದರು. ಅಚ್ಚು ತೆಗೆಯುವ ತಾಮ್ರದ ತಗಡಿನ ಮೇಲೆ ಹಕ್ಕುದಾರನ ಹೆಸರು, ಪ್ರಕಟವಾದ ತಾರೀಕು ಕೆತ್ತಿದ್ದರೆ 14 ವರ್ಷ ರಕ್ಷಣೆ ಎಂದು ಆ ಕಾಯ್ದೆ ಹೇಳಿತು. ಹಾಗಾಗಿ ಆ ಕಾಲದ ಇಂಗ್ಲಿಷ್ ಮುದ್ರಣಗಳ ಕೆಳಗೆ 'ಕಾಯ್ದೆಯ ಪ್ರಕಾರ ಪ್ರಕಟಿಸಿದ್ದು' ಎಂಬ ಅರ್ಥದ ಸಾಲು, ದಿನ, ತಿಂಗಳು, ವರ್ಷ, ಅಂಗಡಿಯ ಬೀದಿ ಎಲ್ಲ ಸಿಗುತ್ತವೆ. ನಕಲಿನ ಕಾಟ ತಪ್ಪಿಸಲು ಮಾಡಿದ ಏರ್ಪಾಡು ಈಗ ನಮಗೆ ಇತಿಹಾಸದ ದಾಖಲೆ.

ಜತೆಗೆ ಮೂಲೆಗಳಲ್ಲಿ ಮೊಟಕು ಮಾಡಿದ ಲ್ಯಾಟಿನ್ ಪದಗಳು. ಸಾಮಾನ್ಯವಾಗಿ ಎಡಗಡೆ ಹೆಸರಿನ ಮುಂದೆ 'ಪಿಂಕ್ಸ್' ಅಂತಿದ್ದರೆ ಆತ ಬಣ್ಣದ ಮೂಲ ಚಿತ್ರ ಬರೆದವನು. 'ಡೆಲ್' ಅಂತಿದ್ದರೆ ರೇಖಾಚಿತ್ರ ಬರೆದವನು. ಬಲಗಡೆ 'ಸ್ಕಲ್ಪ್' ಅಂತಿದ್ದರೆ ತಗಡಿನ ಮೇಲೆ ಕೆತ್ತಿದವನು. 'ಎಕ್ಸ್‌ಕ್' ಅಂದರೆ ಪ್ರಕಾಶಕ. ಒಂದು ಚಿತ್ರಕ್ಕೆ ಮೂರ್ನಾಲ್ಕು ಕೈ. ಯುದ್ಧಭೂಮಿಯಲ್ಲಿ ನಿಂತವನ ಕೈ ಅದರಲ್ಲಿ ಇರಲೂಬಹುದು, ಇಲ್ಲದಿರಲೂಬಹುದು.

ಕಂಡವರು, ಕಾಣದವರು

ಮೈಸೂರಿನ ಯುದ್ಧಗಳ ಚಿತ್ರಗಳನ್ನು ನಾನು ಮೊದಲು ಈ ಪ್ರಶ್ನೆಯಿಂದಲೇ ಎರಡು ರಾಶಿ ಮಾಡಿಕೊಳ್ಳುತ್ತೇನೆ. ಬರೆದವನು ಇಲ್ಲಿಗೆ ಬಂದಿದ್ದನಾ?

ಬಂದವರಲ್ಲಿ ಮುಖ್ಯನಾದವನು ರಾಬರ್ಟ್ ಹೋಮ್. ಮೂರನೇ ಮೈಸೂರು ಯುದ್ಧದಲ್ಲಿ ಲಾರ್ಡ್ ಕಾರ್ನ್‌ವಾಲಿಸನ ಸೇನೆಯ ಜತೆಗೇ ಓಡಾಡಿದ ವೃತ್ತಿಪರ ಕಲಾವಿದ. 1791ರ ಮಾರ್ಚ್ 7ರಂದು ಬೆಂಗಳೂರಿನ ಪೇಟೆಗೆ ನುಗ್ಗುವಾಗ ಹಲಸೂರು ಬಾಗಿಲ ಬಳಿ ಕರ್ನಲ್ ಮೂರ್‌ಹೌಸ್ ಸತ್ತ. ಮಾರ್ಚ್ 21ರ ರಾತ್ರಿ ಕೋಟೆಯೂ ಬಿತ್ತು. ಈಗಲೂ ಬೆಂಗಳೂರು ಕೋಟೆಯ ಗೋಡೆಯಲ್ಲಿ 'ಇಲ್ಲಿಂದಲೇ ಒಳನುಗ್ಗಿದ್ದು' ಎಂದು ಹೇಳುವ ಕಲ್ಲಿನ ಫಲಕ ಇದೆ, ಕೆ.ಆರ್. ಮಾರ್ಕೆಟ್ ಕಡೆ ಹೋದರೆ ನೋಡಬಹುದು. ಮೂರ್‌ಹೌಸನ ಸಾವನ್ನು ಹೋಮ್ ದೊಡ್ಡ ಚಿತ್ರವಾಗಿ ಬರೆದ. 1794ರಲ್ಲಿ ಮೈಸೂರು ಸೀಮೆಯ ಆಯ್ದ ನೋಟಗಳ ಪುಸ್ತಕವನ್ನು ಲಂಡನ್ನಿನಲ್ಲಿ ಹೊರತಂದ.

ಹೋಮ್ ಬರೆದ ಇನ್ನೊಂದು ಚಿತ್ರ ಮೆಟಲ್ ಪ್ರಿಂಟ್ ಮಾರುವವರ ಹತ್ತಿರ ಆಗಾಗ ಕಾಣುತ್ತದೆ. ಟಿಪ್ಪುವಿನ ಇಬ್ಬರು ಗಂಡುಮಕ್ಕಳನ್ನು ಕಾರ್ನ್‌ವಾಲಿಸ್ ಬರಮಾಡಿಕೊಳ್ಳುವ ದೃಶ್ಯ. 1792ರ ಫೆಬ್ರವರಿ 26. ಒಬ್ಬನಿಗೆ ಹತ್ತು ವರ್ಷ, ಇನ್ನೊಬ್ಬನಿಗೆ ಎಂಟು, ಅಷ್ಟೇ. ಒಪ್ಪಂದದ ಪ್ರಕಾರ ಟಿಪ್ಪು ಅರ್ಧ ರಾಜ್ಯ ಬಿಡಬೇಕು, 3 ಕೋಟಿ 30 ಲಕ್ಷ ರೂಪಾಯಿ ಕೊಡಬೇಕು. ಆ ಹಣಕ್ಕೆ ಒತ್ತೆಯಾಗಿ ಹೋದ ಮಕ್ಕಳು ಇವರು. ಚಿತ್ರದಲ್ಲಿ ನೋಡಿದರೆ ರಜೆಗೆ ಮಾವನ ಮನೆಗೆ ಬಂದ ಹಾಗಿದೆ. ಕಾರ್ನ್‌ವಾಲಿಸ್ ಅಕ್ಕರೆಯಿಂದ ಕೈ ಚಾಚಿದ್ದಾನೆ. ಹೋಮ್ ತನ್ನನ್ನೂ ಒಂದು ಪಕ್ಕದಲ್ಲಿ ಬರೆದುಕೊಂಡಿದ್ದಾನೆ, 'ನಾನೂ ಅಲ್ಲಿದ್ದೆ' ಅಂತ ರುಜು ಹಾಕಿದಂತೆ. ಅವನು ಅಲ್ಲಿದ್ದದ್ದು ನಿಜ. ಅಲ್ಲಿದ್ದವನೂ ತನಗೆ ಬೇಕಾದಷ್ಟನ್ನೇ ಬರೆಯುತ್ತಾನೆ ಅನ್ನುವುದೂ ಅಷ್ಟೇ ನಿಜ.

ಇದೇ ಪ್ರಸಂಗವನ್ನು ಮೇದರ್ ಬ್ರೌನ್ ಎಂಬವನೂ ಬರೆದಿದ್ದಾನೆ. ಅವನು ಬಾಸ್ಟನ್ನಿನಲ್ಲಿ ಹುಟ್ಟಿ ಲಂಡನ್ನಿನಲ್ಲಿ ನೆಲೆಸಿದವನು, ಇಂಡಿಯಾಕ್ಕೆ ಬಂದವನೇ ಅಲ್ಲ. ಎರಡೂ ಚಿತ್ರ ಒಂದೇ ಹೆಸರಿನಲ್ಲಿ ಮಾರಾಟಕ್ಕಿರುತ್ತವೆ. ಬುಡದ ಸಾಲು ಕತ್ತರಿಸಿದರೆ ಯಾವುದು ಯಾರದ್ದು ಅಂತ ಹೇಳುವುದು ಕಷ್ಟ.

ಬಂದವರ ರಾಶಿಯಲ್ಲಿ ಇನ್ನೊಂದು ಗುಂಪು ಇದೆ. ನನಗೆ ಎಲ್ಲರಿಗಿಂತ ಇಷ್ಟದವರು ಅವರು: ಬಣ್ಣದ ಪೆಟ್ಟಿಗೆ ಇಟ್ಟುಕೊಂಡಿದ್ದ ಸೇನಾಧಿಕಾರಿಗಳು. ಫೋಟೋ ಇಲ್ಲದ ಕಾಲ. ಬೆಟ್ಟ ಎಷ್ಟು ಕಡಿದು, ಕೋಟೆಗೆ ಯಾವ ಕಡೆಯಿಂದ ಏರಬಹುದು ಎಂದು ಕಾಗದದ ಮೇಲೆ ತೋರಿಸುವುದು ಯುದ್ಧದ ಕೆಲಸದ ಒಂದು ಭಾಗವೇ ಆಗಿತ್ತು. ಅದಕ್ಕೆ ವುಲಿಚ್‌ನ ಸೇನಾ ಅಕಾಡೆಮಿಯಲ್ಲಿ ಚಿತ್ರ ಬರೆಯಲು ಕಲಿಸುತ್ತಿದ್ದರು. ಪಾಲ್ ಸ್ಯಾಂಡ್‌ಬಿಯಂಥ ಒಳ್ಳೆಯ ಕಲಾವಿದ ಅಲ್ಲಿ ಮೇಷ್ಟ್ರಾಗಿದ್ದ. ಹೀಗೆ ಸರ್ವೇಯರ್ ಕೋಲ್‌ಬ್ರೂಕ್ 1793ರಲ್ಲಿ ಮೈಸೂರು ಸೀಮೆಯ 12 ನೋಟಗಳನ್ನು ಪ್ರಕಟಿಸಿದ. ಅಲೆಕ್ಸಾಂಡರ್ ಅಲನ್ 1794ರಲ್ಲಿ ಇನ್ನೊಂದು ಕಟ್ಟು ತಂದ. ಫಿರಂಗಿ ದಳದ ಜೇಮ್ಸ್ ಹಂಟರ್ 1792ರಲ್ಲೇ ತೀರಿಕೊಂಡ. ಅವನ ಚಿತ್ರಗಳು ಹನ್ನೆರಡು ವರ್ಷದ ಮೇಲೆ ಎಡ್ವರ್ಡ್ ಆರ್ಮ್ ಎಂಬ ಪ್ರಕಾಶಕನ ಕೈಯಲ್ಲಿ ಪುಸ್ತಕವಾದವು.

ಇವರ ಚಿತ್ರಗಳಲ್ಲಿ ಯುದ್ಧವೇ ಕಾಣುವುದಿಲ್ಲ. 1791ರ ಅಕ್ಟೋಬರಿನಲ್ಲಿ ಬಿದ್ದ ನಂದಿದುರ್ಗ, ಡಿಸೆಂಬರಿನಲ್ಲಿ ಬಿದ್ದ ಸಾವನದುರ್ಗ, ಎಲ್ಲ ತಣ್ಣಗೆ ನಿಂತಿರುತ್ತವೆ. ನೋಡಿದರೆ ಪ್ರವಾಸದ ಚಿತ್ರ ಅನಿಸಬೇಕು. ಆದರೆ ಅವು ಬೆಟ್ಟವನ್ನು ಅಳೆಯಲು ಪಳಗಿದ ಕಣ್ಣು ಕಂಡ ನೋಟ. ಇಂಥ ಚಿತ್ರ ಮನೆಯ ಗೋಡೆಗೆ ಚೆನ್ನಾಗಿ ಹೊಂದುತ್ತದೆ ಕೂಡ. ಊಟ ಮಾಡುವಾಗ ಹೆಣ ನೋಡಬೇಕಿಲ್ಲ, ಅಲ್ವಾ?

ಇನ್ನು ಕಾಣದವರ ರಾಶಿ. ಜಾಸ್ತಿ ಮಾರಾಟವಾಗುವುದು ಇದೇ. 1799ರ ಮೇ 4ರ ಮಧ್ಯಾಹ್ನ ಶ್ರೀರಂಗಪಟ್ಟಣದ ಕೋಟೆಗೆ ಬ್ರಿಟಿಷ್ ಪಡೆ ನುಗ್ಗಿತು, ಟಿಪ್ಪು ಸತ್ತ. ಸುದ್ದಿ ಹಡಗಿನಲ್ಲಿ ಲಂಡನ್ ಮುಟ್ಟಲು ನಾಲ್ಕು ತಿಂಗಳು ಬೇಕಾಯಿತು. ಮುಟ್ಟಿದ್ದೇ ತಡ, ಚಿತ್ರಗಳ ಸುಗ್ಗಿ. ರಾಬರ್ಟ್ ಕೆರ್ ಪೋರ್ಟರ್ ಎಂಬ ಇಪ್ಪತ್ತೆರಡರ ಹುಡುಗ 1800ರಲ್ಲಿ ನೂರಡಿಗೂ ಉದ್ದದ ಬಟ್ಟೆಯ ಮೇಲೆ ಇಡೀ ಯುದ್ಧವನ್ನು ಬರೆದು ಲಂಡನ್ನಿನ ಲೈಸಿಯಂನಲ್ಲಿ ಪ್ರದರ್ಶನಕ್ಕಿಟ್ಟ. ಜನ ದುಡ್ಡು ಕೊಟ್ಟು ನೋಡಿದರು. ಟೆಂಟ್ ಸಿನಿಮಾ ಇದ್ದ ಹಾಗೆ. ಆ ದೊಡ್ಡ ಬಟ್ಟೆ ಈಗಿಲ್ಲ. ಉಳಿದಿರುವುದು ಇಟಲಿಯಿಂದ ಬಂದ ಜೊವಾನಿ ವೆಂಡ್ರಮಿನಿ ತಾಮ್ರದಲ್ಲಿ ಕೆತ್ತಿದ ಮುದ್ರಣಗಳು. ಪೋರ್ಟರ್ ಶ್ರೀರಂಗಪಟ್ಟಣ ನೋಡಿರಲಿಲ್ಲ, ವೆಂಡ್ರಮಿನಿಯೂ ನೋಡಿರಲಿಲ್ಲ. ನನ್ನ ಸೋಫಾಕ್ಕೆ ಒರಗಿದ್ದ ಚಿತ್ರದ ಸಿಂಗಲ್ಟನ್ನೂ ಬಂದವನಲ್ಲ. ಮುಂದೆ ಜಗತ್ತಿಗೇ ಹೆಸರಾದ ಟರ್ನರ್ ಕೂಡ ಆ ಹೊತ್ತಿನಲ್ಲಿ ಈ ಮುತ್ತಿಗೆಯ ಜಲವರ್ಣ ಚಿತ್ರ ಬರೆದ. ಅವನೂ ಕಾವೇರಿ ಕಂಡವನಲ್ಲ.

ಡೇವಿಡ್ ವಿಲ್ಕಿಯ ಚಿತ್ರವಂತೂ 40 ವರ್ಷ ತಡ. ಕೋಟೆಗೆ ನುಗ್ಗಿದ ಪಡೆಯ ಮುಂದಾಳು ಜನರಲ್ ಬೇರ್ಡ್ ರಾತ್ರಿ ದೀಪದ ಬೆಳಕಿನಲ್ಲಿ ಟಿಪ್ಪುವಿನ ದೇಹವನ್ನು ಪತ್ತೆ ಮಾಡುವ ದೃಶ್ಯ. ಬೇರ್ಡ್ ಸತ್ತ ಮೇಲೆ ಅವನ ಹೆಂಡತಿ ಹೇಳಿ ಬರೆಸಿದ್ದು, ಮುಗಿದದ್ದು 1839ರಲ್ಲಿ. ಅದರಲ್ಲಿ ಬೇರ್ಡ್ ನಿಂತ ಜಾಗದ ಕೆಳಗೆ ನೋಡಿ. ಕಬ್ಬಿಣದ ಸರಳಿನ ಒಂದು ಕಂಡಿ ಇದೆ. 1780ರ ಪೊಲ್ಲಿಲೂರು ಯುದ್ಧದಲ್ಲಿ ಸೆರೆಸಿಕ್ಕ ಬೇರ್ಡ್ 1784ರವರೆಗೆ ಶ್ರೀರಂಗಪಟ್ಟಣದ ಸೆರೆಯಲ್ಲಿ ಕಳೆದಿದ್ದ. ಅಂದು ಸೆರೆಯಾಳಾಗಿದ್ದವನು ಇಂದು ಗೆದ್ದು ನಿಂತಿದ್ದಾನೆ ಎಂದು ಆ ಕಂಡಿ ಹೇಳುತ್ತದೆ. ಜಾಣತನದ ಕಥೆಗಾರಿಕೆ ಅದು. ಅದನ್ನು ಕೋಟೆಯ ನಕ್ಷೆ ಅಂತ ಓದಬಾರದು, ಅಷ್ಟೇ. ಅಂದಹಾಗೆ, ಅಗಲ ಹೊಂದಿಸುವುದಕ್ಕೆ ಮೆಟಲ್ ಪ್ರಿಂಟಿನವರು ಮೊದಲು ಕತ್ತರಿ ಹಾಕುವುದು ಚಿತ್ರದ ಬುಡಕ್ಕೇ. ಕಂಡಿ ಹೋದರೆ ಅರ್ಧ ಕಥೆ ಹೋಯಿತು.

ಮೊದಲು ತಾಮ್ರ

ತಾಮ್ರದ ತಗಡು ಅಂದರೆ ನಮಗೆ ನೆನಪಾಗುವುದು ದಾನಶಾಸನ. ಈ ಚಿತ್ರಗಳೂ ಹುಟ್ಟಿದ್ದು ತಾಮ್ರದ ತಗಡಿನ ಮೇಲೇ. ಮೆಟಲ್ ಪ್ರಿಂಟ್ ಹೊಸ ಸಂಗತಿಯಂತೆ ಕಾಣುತ್ತದೆ, ಆದರೆ ಲೋಹ ಇವುಗಳ ತವರುಮನೆ.

ಮೈಸೂರಿನ ನೋಟಗಳಲ್ಲಿ ಬಹಳಷ್ಟು ಆಕ್ವಾಟಿಂಟ್ ಎಂಬ ವಿಧಾನದವು. ಹೆಸರಲ್ಲಿ ನೀರಿದೆ, ಕೆಲಸದಲ್ಲಿ ರಾಳ. ನಯ ಮಾಡಿದ ತಾಮ್ರದ ತಗಡಿನ ಮೇಲೆ ರಾಳದ ಪುಡಿಯನ್ನು ಧೂಳಿನ ಹಾಗೆ ಉದುರಿಸುತ್ತಾರೆ. ಕೆಳಗಿನಿಂದ ಬಿಸಿ ಕೊಟ್ಟರೆ ಒಂದೊಂದು ಕಣವೂ ಅರೆಕರಗಿ ತಾಮ್ರಕ್ಕೆ ಅಂಟುತ್ತದೆ. ಆಮೇಲೆ ತಗಡನ್ನು ಆಸಿಡ್‌ನಲ್ಲಿ ಅದ್ದುತ್ತಾರೆ. ರಾಳ ಅಂಟಿದ ಕಡೆ ಆಸಿಡ್ ಮುಟ್ಟುವುದಿಲ್ಲ, ಸುತ್ತಲಿನ ಸಂದಿಯನ್ನು ಮಾತ್ರ ಕೊರೆಯುತ್ತದೆ. ಬಿಳಿ ಉಳಿಯಬೇಕಾದ ಜಾಗಕ್ಕೆ, ಮೋಡಕ್ಕೋ ಹೊಗೆಗೋ, ಮೊದಲೇ ವಾರ್ನಿಶ್ ಬಳಿಯಬೇಕು. ಒಂದು ಅದ್ದು ಸಾಕಾಗುವುದಿಲ್ಲ. ತೆಗೆ, ತೊಳೆ, ತಿಳಿಯಾಗಿರಬೇಕಾದ ಜಾಗಕ್ಕೆ ವಾರ್ನಿಶ್ ಹಾಕು, ಮತ್ತೆ ಅದ್ದು. ಆಸಿಡ್‌ನಲ್ಲಿ ಎಷ್ಟು ಹೊತ್ತೋ ಅಷ್ಟು ಕಪ್ಪು.

ಅಚ್ಚು ತೆಗೆಯುವಾಗ ತಗಡಿಗೆಲ್ಲ ಇಂಕು ಉಜ್ಜಿ, ಬಟ್ಟೆಯಿಂದ ಮೇಲ್ಮೈ ಒರೆಸುತ್ತಾರೆ. ಕೊರೆದ ಸಂದಿಯಲ್ಲಿ ಇಂಕು ಉಳಿಯುತ್ತದೆ. ತೇವ ಮಾಡಿದ ಕಾಗದ ಇಟ್ಟು ರೋಲರಿನಡಿ ಹಾಯಿಸಿದರೆ ಕಾಗದ ಆ ಸಂದಿಯೊಳಗೆ ಇಳಿದು ಇಂಕನ್ನು ಎತ್ತಿಕೊಂಡು ಬರುತ್ತದೆ. ತಗಡಿನ ಅಂಚು ಒತ್ತಿದ ಕಡೆ ಕಾಗದದಲ್ಲಿ ಸುತ್ತಲೂ ಒಂದು ತಗ್ಗು ಗೆರೆ ಬೀಳುತ್ತದೆ. ಹಳೆಯ ಮುದ್ರಣವನ್ನು ಪರೀಕ್ಷಿಸುವವರು ಮೊದಲು ಬೆರಳಾಡಿಸಿ ನೋಡುವುದು ಅದನ್ನೇ.

ಇಷ್ಟೆಲ್ಲ ಆದರೂ ಬಂದದ್ದು ಬಹುಪಾಲು ಒಂದೆರಡು ಬಣ್ಣದ ಇಂಕಿನ ಚಿತ್ರ. ಕೆಂಪು ಕೋಟು, ಹಸಿರು ಮರ, ನೀಲಿ ಆಕಾಶ ಆಮೇಲೆ ಬಂದವು. ಸಾಲಾಗಿ ಕೂತವರು ಒಂದೊಂದು ಪ್ರತಿಗೂ ಕೈಯಿಂದ ಜಲವರ್ಣ ಹಚ್ಚುತ್ತಿದ್ದರು. ಹಾಗಾಗಿ ಒಂದೇ ತಗಡಿನಿಂದ ಬಂದ ಎರಡು ಪ್ರತಿಗಳ ಆಕಾಶ ಒಂದೇ ಥರ ಇರುವುದಿಲ್ಲ. 'ಮೂಲ ಬಣ್ಣ' ಎಂದು ಯಾರಾದರೂ ಹೇಳಿದರೆ, ಯಾವ ಪ್ರತಿಯ ಮೂಲ ಎಂದು ಕೇಳಬಹುದು.

ವೆಂಡ್ರಮಿನಿಯದು ಬೇರೆ ದಾರಿ. ಚುಕ್ಕಿ ಚುಕ್ಕಿಯಾಗಿ ಕೆತ್ತುವುದು. ಮುಖ, ಕೆನ್ನೆ, ಬಟ್ಟೆಯ ಮಡಿಕೆ ಎಲ್ಲ ಚುಕ್ಕಿಗಳಿಂದಲೇ ನುಣುಪಾಗುತ್ತವೆ.

ಹತ್ತೊಂಬತ್ತನೇ ಶತಮಾನದ ಮಧ್ಯಕ್ಕೆ ಬಂದರೆ ಎಲ್ಲ ಬದಲಾಗುತ್ತದೆ. 1842ರಲ್ಲಿ ಇಲ್ಲಸ್ಟ್ರೇಟೆಡ್ ಲಂಡನ್ ನ್ಯೂಸ್, 1869ರಲ್ಲಿ ದಿ ಗ್ರಾಫಿಕ್ ಶುರುವಾದವು. ವಾರವಾರ ಚಿತ್ರ ಬೇಕು. ತಾಮ್ರದ ನಿಧಾನ ಇಲ್ಲಿ ನಡೆಯುವುದಿಲ್ಲ. ಬಾಕ್ಸ್‌ವುಡ್ ಎಂಬ ಗಟ್ಟಿ ಮರದ ಅಡ್ಡಕೊಯ್ತದ ತುಂಡುಗಳ ಮೇಲೆ ಕೆತ್ತುತ್ತಿದ್ದರು. ಆ ಮರದ ಕಾಂಡ ದಪ್ಪವಿರುವುದಿಲ್ಲ. ಅದಕ್ಕೆ ಸಣ್ಣ ತುಂಡುಗಳನ್ನು ಬೋಲ್ಟ್ ಹಾಕಿ ಜೋಡಿಸಿ, ಚಿತ್ರ ಬರೆದು, ಮತ್ತೆ ಬಿಚ್ಚಿ ಒಬ್ಬೊಬ್ಬ ಕೆತ್ತನೆಗಾರನಿಗೆ ಒಂದೊಂದು ತುಂಡು. ಒಬ್ಬ ಮೋಡ ಕೆತ್ತುತ್ತಿದ್ದರೆ ಇನ್ನೊಬ್ಬ ಕುದುರೆಯ ಕಾಲು. ಕೊನೆಗೆ ಕೂಡಿಸಿದಾಗ ಸಂದುಗಳಲ್ಲಿ ಕೂದಲೆಳೆಯಷ್ಟು ಬಿಳಿ ಗೆರೆ ಉಳಿಯುವುದುಂಟು. 1879ರ ಜುಲು ಯುದ್ಧದ ಚಿತ್ರವನ್ನೋ ಆಫ್ಘನ್ ಯುದ್ಧದ ಚಿತ್ರವನ್ನೋ ದೊಡ್ಡದು ಮಾಡಿ ಲೋಹಕ್ಕೆ ಹಾಕಿದಾಗ ನೆಟ್ಟಗೆ ಮೇಲಿಂದ ಕೆಳಗೆ ಒಂದು ಗೆರೆ ಕಂಡರೆ ಪ್ರಿಂಟರ್ ತಪ್ಪು ಅಂತ ಜಗಳಕ್ಕೆ ಹೋಗಬೇಡಿ. ಅದು ಮರದ ಸಂದು. ಇವು ಪತ್ರಿಕೆಯಲ್ಲಿ ಬಂದದ್ದು ಬಹುಪಾಲು ಕಪ್ಪು-ಬಿಳುಪಿನಲ್ಲಿ. ಬಣ್ಣ ಕಂಡರೆ ಹೆಚ್ಚಾಗಿ ಅದು ಆಮೇಲೆ ಯಾರೋ ಹಚ್ಚಿದ್ದು.

ಕರ್ಪೂರದ ಕೆಲಸ

ಈಗ ಅಲ್ಯೂಮಿನಿಯಂಗೆ ಬರೋಣ. ಮೆಟಲ್ ಪ್ರಿಂಟ್ ಅಂದರೆ ತಗಡಿನ ಮೇಲೆ ನೇರವಾಗಿ ಇಂಕು ಉಗುಳುವುದು ಎಂದು ನಾನೂ ಅಂದುಕೊಂಡಿದ್ದೆ. ಹಾಗೆ ಮಾಡುವ ಒಂದು ಬಗೆ ಇದೆ ನಿಜ. ಆದರೆ ಆ ಕನ್ನಡಿಯಂಥ ಆಳದ ಹೊಳಪು ಬರುವುದು ಬೇರೆ ರೀತಿಯಿಂದ.

ಕರ್ಪೂರವನ್ನು ಡಬ್ಬಿಯ ಮುಚ್ಚಳ ತೆಗೆದಿಟ್ಟು ಮರೆತರೆ ಏನಾಗುತ್ತದೆ? ಕರಗಿ ನೀರಾಗುವುದಿಲ್ಲ. ಸುಮ್ನೆ ಸಣ್ಣಗಾಗುತ್ತಾ ಗಾಳಿಗೆ ಸೇರಿಬಿಡುತ್ತದೆ. ಗಟ್ಟಿ ವಸ್ತು ದ್ರವವಾಗದೆ ನೇರ ಆವಿಯಾಗುವ ಇದನ್ನು ಶಾಲೆಯಲ್ಲಿ ಉತ್ಪತನ ಅಂತ ಓದಿರುತ್ತೀರಿ. ಪ್ರಿಂಟಿಂಗ್‌ನವರು ಸಬ್ಲಿಮೇಶನ್ ಅನ್ನುತ್ತಾರೆ. ಮೆಟಲ್ ಪ್ರಿಂಟಿನ ಬಣ್ಣವೂ ಇದೇ ಜಾತಿಯದು.

ಅಲ್ಯೂಮಿನಿಯಂ ತಗಡಿನ ಮೇಲೆ ಮೊದಲೇ ಒಂದು ಪಾಲಿಮರ್ ಲೇಪ ಕೂತಿರುತ್ತದೆ. ಚಿತ್ರವನ್ನು ಒಂದು ವಿಶೇಷ ಕಾಗದದ ಮೇಲೆ ಎಡಬಲ ತಿರುಗಿಸಿ ಮುದ್ರಿಸುತ್ತಾರೆ. ಈ ಕಾಗದ ನೋಡಿದರೆ ನಿಮಗೆ ನಿರಾಸೆಯೇ ಆಗುತ್ತದೆ. ಒಗೆದು ಒಗೆದು ಮಾಸಿದ ಸೀರೆಯ ಬಣ್ಣ. ಕೆಂಪು ಕೋಟು ಇಟ್ಟಿಗೆ ಪುಡಿಯ ಹಾಗೆ, ಕಪ್ಪು ಬೂದಿಯ ಹಾಗೆ. ಆ ಕಾಗದವನ್ನು ತಗಡಿಗೆ ಮುಖ ಮಾಡಿ ಅಂಟಿಸಿ, ಅಲುಗಾಡದಂತೆ ಟೇಪು ಹಾಕಿ, ಹೀಟ್ ಪ್ರೆಸ್‌ನಲ್ಲಿ ಇಡುತ್ತಾರೆ. ಸುಮಾರು 200 ಡಿಗ್ರಿ ಸೆಲ್ಸಿಯಸ್ ಬಿಸಿ, ಮೇಲಿಂದ ಒತ್ತಡ, ಒಂದೆರಡು ನಿಮಿಷ. ಬಣ್ಣ ಆವಿಯಾಗುತ್ತದೆ. ಬಿಸಿಗೆ ಸಡಿಲವಾದ ಲೇಪದೊಳಗೆ ನುಗ್ಗುತ್ತದೆ. ಹೊರಗೆ ತೆಗೆದು ಆರಿದಾಗ ಲೇಪ ಬಿಗಿಯಾಗಿ ಬಣ್ಣ ಒಳಗೇ ಸಿಕ್ಕಿಕೊಳ್ಳುತ್ತದೆ. ಕಾಗದ ಸುಲಿದರೆ ಕೆಳಗೆ ಅದೇ ಕೆಂಪು ಕೆಂಡದ ಹಾಗೆ!

ತಾಮ್ರದಲ್ಲೂ ಚಿತ್ರ ತಿರುಗುಮುರುಗಾಗಿ ಕೆತ್ತಬೇಕಿತ್ತು, ಇಲ್ಲೂ ತಿರುಗಿಸಿ ಮುದ್ರಿಸಬೇಕು. ಅಲ್ಲಿ ಲೋಹದಿಂದ ಕಾಗದಕ್ಕೆ ಹೋಯಿತು, ಇಲ್ಲಿ ಕಾಗದದಿಂದ ಲೋಹಕ್ಕೆ ಬಂತು. ಯಾರಾದರೂ ತಿರುಗಿಸಲು ಮರೆತರೆ ಸೇನೆಯೆಲ್ಲ ಎಡಗೈಯಲ್ಲಿ ಕತ್ತಿ ಹಿಡಿದಿರುತ್ತದೆ. ತಗಡು ಕೈಗೆ ಬಂದ ತಕ್ಷಣ ಕತ್ತಿ ಯಾವ ಕೈಯಲ್ಲಿದೆ ನೋಡಿ.

ಇನ್ನೊಂದು ವಿಷಯ ಗಮನಿಸಬೇಕು. ಈ ಬಣ್ಣಗಳಲ್ಲಿ ಬಿಳಿ ಇಲ್ಲ. ಚಿತ್ರದ ಬಿಳಿ ಅಂದರೆ ತಗಡಿನ ಲೇಪದ ಬಿಳಿ. ಲೇಪ ಪಾರದರ್ಶಕವಾಗಿದ್ದರೆ ಬಿಳಿಯ ಜಾಗದಲ್ಲಿ ಲೋಹವೇ ಕಾಣುತ್ತದೆ. ಬಣ್ಣ ಹಚ್ಚಿದ ಆಕ್ವಾಟಿಂಟ್‌ಗೆ ಇದು ಬೇಡವೇ ಬೇಡ. ಆಕಾಶ ತವರದ ಡಬ್ಬಿಯ ಹಾಗಾಗುತ್ತದೆ. ಬಿಳಿ ಲೇಪ, ಅದರಲ್ಲೂ ಮ್ಯಾಟ್, ಹಳೆಯ ಕಾಗದಕ್ಕೆ ಹತ್ತಿರ. ಆದರೆ ಬರೀ ಗೆರೆಯ ಕಪ್ಪು-ಬಿಳುಪು ಕೆತ್ತನೆಗೆ ಪಾರದರ್ಶಕ ಲೇಪ ಹಾಕಿಸಿ ನೋಡಿ. ಕೆತ್ತನೆಗಾರನ ಮೇಜಿನ ಮೇಲೆ ತಗಡು ಹೇಗೆ ಕಂಡಿತ್ತೋ ಅದರ ಒಂದು ಛಾಯೆ ಸಿಗುತ್ತದೆ. ಪಕ್ಕದಿಂದ ನೋಡಿದರೆ ಬಿಳಿ ಕಪ್ಪಾಗುತ್ತದೆ ಅನ್ನುವುದೊಂದು ತೊಂದರೆ.

ನೇರ ಮುದ್ರಣದ ಬಗೆಯಲ್ಲಿ ಇಂಕನ್ನು ತಗಡಿನ ಮೇಲೇ ಹಾಕಿ ನೇರಳಾತೀತ ದೀಪದಿಂದ ಗಟ್ಟಿ ಮಾಡುತ್ತಾರೆ. ಎರಡು ತೆಳು ಅಲ್ಯೂಮಿನಿಯಂ ಹಾಳೆಗಳ ನಡುವೆ ಪ್ಲಾಸ್ಟಿಕ್ ಇರುವ, ಸುಮಾರು 3 ಮಿಲಿಮೀಟರ್ ದಪ್ಪದ ಹಲಗೆಗೆ ಇದು ರೂಢಿ. ಇಂಕು ಮೇಲೇ ಕೂತಿರುವುದರಿಂದ ಬೆರಳಿಗೆ ಸ್ವಲ್ಪ ತರಿ ಸಿಗಬಹುದು. ಹೊಳಪು ಕಡಿಮೆ. ಯುದ್ಧದ ಚಿತ್ರಕ್ಕೆ ಅದೇ ಒಳ್ಳೆಯದು ಅಂತ ನನ್ನ ಲೆಕ್ಕ.

ಕೆಡುವುದು ಎಲ್ಲಿ

ತಗಡು, ಪ್ರೆಸ್ಸು ಎಲ್ಲ ಚೆನ್ನಾಗಿದ್ದೂ ಚಿತ್ರ ಕೆಡುವುದು ಹೆಚ್ಚಾಗಿ ಕಂಪ್ಯೂಟರಿನಲ್ಲಿ. ಮೂರಡಿ ಅಂದರೆ 36 ಇಂಚು. ಇಂಟರ್ನೆಟ್‌ನಿಂದ ಇಳಿಸಿಕೊಂಡ 1200 ಪಿಕ್ಸೆಲ್ ಅಗಲದ ಚಿತ್ರವನ್ನು ಅಷ್ಟಕ್ಕೆ ಹಿಗ್ಗಿಸಿದರೆ ಇಂಚಿಗೆ 33 ಚುಕ್ಕಿ ಸಿಗುತ್ತವೆ. ಗೋಡೆಯ ಚಿತ್ರಕ್ಕೆ ಇಂಚಿಗೆ 150 ಆದರೂ ಬೇಕು. ಅಂದರೆ ಅಗಲಕ್ಕೆ 5400, ಎತ್ತರಕ್ಕೆ 3600 ಪಿಕ್ಸೆಲ್. ಹತ್ತಿರ ನಿಂತು ನೋಡುವ ಕೆತ್ತನೆಗೆ 300 ಇದ್ದರೆ ಚೆಂದ.

ಕಡಿಮೆ ಬಿದ್ದದ್ದನ್ನು ಈಗ ಎಐ ಸಾಫ್ಟ್‌ವೇರ್ ತುಂಬಿಕೊಡುತ್ತದೆ. ಇದನ್ನು ಕಂಡರೆ ನನಗೆ ಆಗುವುದಿಲ್ಲ. ಚುಕ್ಕಿಗಳಿಂದ ಕೆತ್ತಿದ ಮುಖವನ್ನು ಅದು ಗೊಂಬೆಯ ಮುಖದಂತೆ ನುಣ್ಣಗೆ ಮಾಡುತ್ತದೆ, ಗೆರೆಗಳ ನೆರಳನ್ನು ಮಸಿ ಬಳಿದಂತೆ ಮಾಡುತ್ತದೆ. ಹಿಂದಿನ ಸಾಲಿನ ಸಿಪಾಯಿಗೆ ಇಲ್ಲದ ಕಣ್ಣು ಬರೆಯುತ್ತದೆ. ಮೊದಲೇ ಪೋರ್ಟರ್ ಊಹಿಸಿದ ಸಿಪಾಯಿ ಅವನು. ಅವನ ಮೇಲೆ ಯಂತ್ರದ ಊಹೆ ಬೇರೆ.

ಕಾಗದದ ಹಳದಿಯನ್ನು ತೊಳೆದು ಅಚ್ಚ ಬಿಳಿ ಮಾಡುವುದೂ ಇದೇ ಥರದ ಅತಿ ಉತ್ಸಾಹ. ಹಳದಿ ಹೋಗುವಾಗ ತೆಳು ಜಲವರ್ಣವನ್ನೂ ಎಳೆದುಕೊಂಡು ಹೋಗುತ್ತದೆ. ಕಂದು ಚುಕ್ಕಿ ಒಂದೆರಡು ಇದ್ದರೆ ಇರಲಿ ಬಿಡಿ.

ಒಳ್ಳೆಯ ಫೈಲಿಗೆ ದಾರಿ ಇದೆ. ಈ ಚಿತ್ರಗಳು ಹಕ್ಕುಸ್ವಾಮ್ಯದ ಅವಧಿ ದಾಟಿ ಎಷ್ಟೋ ಕಾಲವಾಯಿತು. ಹತ್ತು ಕಡೆ ಒಂದೇ ಚಿತ್ರ ಮಾರಾಟಕ್ಕಿರುವುದು ಅದಕ್ಕೇ. ಯೇಲ್ ಸೆಂಟರ್ ಫಾರ್ ಬ್ರಿಟಿಷ್ ಆರ್ಟ್‌ನಂಥ ಸಂಸ್ಥೆಗಳು ಹಕ್ಕು ಮುಗಿದ ಚಿತ್ರಗಳ ದೊಡ್ಡ ಫೈಲುಗಳನ್ನು ಉಚಿತವಾಗಿ ಕೊಡುತ್ತವೆ. ಬ್ರೌನ್ ವಿಶ್ವವಿದ್ಯಾಲಯದಲ್ಲಿ ಸೇನೆಗೆ ಸಂಬಂಧಿಸಿದ ಮುದ್ರಣಗಳದೇ ಒಂದು ದೊಡ್ಡ ಸಂಗ್ರಹ ಇದೆ. ಇಂಥ ಕಡೆ ಸ್ಕ್ಯಾನ್ ಮಾಡುವಾಗ ಅಂಚು ಸಮೇತ ಮಾಡಿರುತ್ತಾರೆ. ಬುಡದ ಸಾಲು ಅಲ್ಲಿ ಓದಲು ಸಿಗುತ್ತದೆ. ಫೈಲ್ ಇಳಿಸಿಕೊಂಡು, ಅಂಚು ಬಿಡದೆ ಮುದ್ರಿಸಿ ಅಂತ ಪ್ರಿಂಟಿನವರಿಗೆ ಹೇಳಿ. ಎರಡು ಸಲ ಹೇಳಿ. ಇಲ್ಲದಿದ್ದರೆ ಕತ್ತರಿಸಿಬಿಡುತ್ತಾರೆ.

ಎದುರು ಗೋಡೆ

ಗೆದ್ದವರ ಚಿತ್ರಗಳ ಬಗ್ಗೆಯೇ ಇಷ್ಟು ಹೊತ್ತು ಮಾತಾಡಿದೆ. ಇನ್ನೊಂದು ಕಡೆಯ ಚಿತ್ರವೂ ಇದೆ, ಅದು ಮುದ್ರಣವಲ್ಲ. ಶ್ರೀರಂಗಪಟ್ಟಣದ ದರಿಯಾ ದೌಲತ್‌ನ ಗೋಡೆಯಲ್ಲಿ ಪೊಲ್ಲಿಲೂರು ಯುದ್ಧ ನಡೆಯುತ್ತಲೇ ಇದೆ. 1780ರ ಸೆಪ್ಟೆಂಬರ್ 10ರಂದು ಹೈದರ್ ಮತ್ತು ಟಿಪ್ಪು ಸೇರಿ ಬ್ರಿಟಿಷ್ ಕರ್ನಲ್ ಬೇಲಿಯ ಪಡೆಯನ್ನು ಸೋಲಿಸಿದ ದಿನ. ಗಾಯಗೊಂಡ ಬೇಲಿ ಪಲ್ಲಕ್ಕಿಯಲ್ಲಿದ್ದಾನೆ. ಸುತ್ತಲೂ ಚೌಕಾಕಾರವಾಗಿ ನಿಂತ ಕೆಂಪು ಕೋಟುಗಳು. ನಡುವೆ ಮದ್ದಿನ ಬಂಡಿ ಸಿಡಿಯುತ್ತಿದೆ. ಸಿಂಗಲ್ಟನ್ನಿನ ಚಿತ್ರದಲ್ಲಿ ಒಬ್ಬ ನಾಯಕನ ಸುತ್ತ ಬೆಳಕು ಬಿದ್ದಿದ್ದರೆ, ಇಲ್ಲಿ ಸಾಲು ಸಾಲು ಕುದುರೆ, ಸಾಲು ಸಾಲು ಮೀಸೆ. ಒಂದು ಗೋಡೆ ತುಂಬ ಒಂದೇ ಹೊತ್ತಿಗೆ ಎಲ್ಲವೂ ನಡೆಯುತ್ತದೆ.

ಇದನ್ನಾದರೂ 'ಮೂಲ' ಅನ್ನಬಹುದಾ? ಪೂರ್ತಿ ಅನ್ನುವ ಹಾಗಿಲ್ಲ. ಟಿಪ್ಪು ಸತ್ತ ಮೇಲೆ ಆ ಅರಮನೆಯಲ್ಲಿದ್ದ ಬ್ರಿಟಿಷ್ ಸೇನಾಧಿಕಾರಿ ಆರ್ಥರ್ ವೆಲ್ಲೆಸ್ಲಿ ಚಿತ್ರಗಳನ್ನು ದುರಸ್ತಿ ಮಾಡಿಸಿದ. 1850ರ ದಶಕದಲ್ಲಿ ಡಾಲ್‌ಹೌಸಿಯ ಅಪ್ಪಣೆಯ ಮೇಲೆ ಮತ್ತೆ ಬಣ್ಣ ಬಿತ್ತು. ಸೋತವರ ಸೋಲಿನ ಚಿತ್ರವನ್ನು ಸೋತವರ ಕಡೆಯವರೇ ಆಮೇಲೆ ಖರ್ಚು ಮಾಡಿ ಉಳಿಸಿದರು. ಇತಿಹಾಸಕ್ಕೆ ಇಂಥ ತಮಾಷೆ ಗೊತ್ತು.

ಟಿಪ್ಪುವಿನ ಬಗ್ಗೆ ಜಗಳ ಬೇಕಾದವರಿಗೆ ಬೇರೆ ಜಾಗಗಳಿವೆ. ನನ್ನದು ತಗಡಿನ ವಿಷಯ. ಬಿಸಿಲು ನೇರ ಬೀಳುವ ಗೋಡೆಗೆ ಹಾಕಬೇಡಿ, ಒಳಗೆ ಸಿಕ್ಕಿಕೊಂಡ ಬಣ್ಣವೂ ಬಿಸಿಲಿಗೆ ಮಾಸುತ್ತದೆ. ಹೊಳಪಿನ ತಗಡಿನ ಎದುರು ಕಿಟಕಿ ಇದ್ದರೆ ಶ್ರೀರಂಗಪಟ್ಟಣದ ಬದಲು ನಿಮ್ಮ ಪರದೆಯೇ ಕಾಣುತ್ತದೆ. ಒರೆಸಲು ಮೆತ್ತನೆಯ ಬಟ್ಟೆ ಸಾಕು, ತರಿಯಿರುವ ಪುಡಿ ಬೇಡ.

ನನ್ನ ತಗಡನ್ನು ವಾಪಸ್ ಮಾಡಲಿಲ್ಲ. ಹಿಂದೆ ತಿರುಗಿಸಿದೆ. ನೇತುಹಾಕಲು ಅಂಟಿಸಿದ ಚೌಕಟ್ಟಿನ ನಡುವೆ ಬರೀ ಅಲ್ಯೂಮಿನಿಯಂ ಇತ್ತು. ಪರ್ಮನೆಂಟ್ ಮಾರ್ಕರ್ ತಗೊಂಡು ಅಲ್ಲಿ ಬರೆದೆ: 'ಚಿತ್ರ: ಹೆನ್ರಿ ಸಿಂಗಲ್ಟನ್, ಲಂಡನ್, ಸುಮಾರು 1800. ವಿಷಯ: ಶ್ರೀರಂಗಪಟ್ಟಣ, ಮೇ 4, 1799. ಬರೆದವನು ಶ್ರೀರಂಗಪಟ್ಟಣಕ್ಕೆ ಬಂದವನಲ್ಲ. ಬುಡದ ಸಾಲನ್ನು ಮಾರಿದವರು ಕತ್ತರಿಸಿದ್ದಾರೆ.' ಆಮೇಲೆ ಮೊಳೆ ಹೊಡೆಯಲು ಸುತ್ತಿಗೆ ಹುಡುಕಿದೆ.